ಕೊಂಡ ಆಟ, ಬಾಡಿಗೆಯ ಆಟ

ಹಳೆಯ ವಸ್ತುವಿನ ಮೇಲಿನ ಮಮತೆಗಾಗಿ ಹಣ ವ್ಯಯಿಸುವುದು ದುಂದುಗಾರಿಕೆಯೆಂದು ಗೃಹಸ್ಥರು ಸಾಮಾನ್ಯವಾಗಿ ಭಾವಿಸುವರು; ಆದರೆ ಲೆಕ್ಕವನ್ನು ಒಂದು ವರ್ಷಕ್ಕಲ್ಲದೆ ಹತ್ತು ವರ್ಷಗಳಿಗೆ ಬರೆದು ನೋಡಿದಲ್ಲಿ ಈ ಅಭಿಪ್ರಾಯವು ಸರ್ವದಾ ನಿಲ್ಲತಕ್ಕದ್ದಲ್ಲವೆಂಬುದು, ಸೋದರಮಾವನವರು ಅಮೆರಿಕದಿಂದ ತಂದುಕೊಟ್ಟ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದಾಡುವ ವಿಡಿಯೊ ಆಟದ ಯಂತ್ರವನ್ನು ಬಹುಕಾಲದಿಂದ ಬಳಸುತ್ತ ಬಂದಿರುವ ನನ್ನ ಅನುಭವವಾಗಿದೆ.

ಕ್ಯೋಟೋ ನಗರದಲ್ಲಿ 1889ರಲ್ಲಿ ಆಟದ ಎಲೆಗಳನ್ನು ತಯಾರಿಸುವ ಉದ್ಯಮವಾಗಿ ಮೊದಲಾದ ನಿಂಟೆಂಡೊ ಸಂಸ್ಥೆಯು ಸರಿಯಾಗಿ ನೂರು ವರ್ಷಗಳ ತರುವಾಯ ಈ ಯಂತ್ರವನ್ನು ಹೊರತಂದಿತು. ಅದರ ನಿರ್ಮಾಣದ ನೇತೃತ್ವ ವಹಿಸಿದ ಗುನ್‌ಪೆಯಿ ಯೊಕೊಯಿ ಅವರು, ನೂತನವೂ ದುಬಾರಿಯೂ ಆದುದರ ಬೆನ್ನುಹತ್ತದೆ, ಬಳಕೆಯಲ್ಲಿ ಪಳಗಿ ಅಗ್ಗವಾದ ಬಿಡಿಭಾಗಗಳಿಗೆ ಹೊಸ ಉಪಯೋಗವನ್ನು ಕಲ್ಪಿಸಬೇಕೆಂಬ ಮತದವರು. ಪ್ರತಿಸ್ಪರ್ಧಿಯಾದ ಸೆಗಾ ಗೇಮ್ ಗಿಯರ್ ತನ್ನ ಬಣ್ಣದ ತೆರೆಗಾಗಿ ಆರು ಪೆನ್ಸಿಲ್ ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ನುಂಗುತ್ತಿದ್ದಾಗ, ಹಿಂಬೆಳಕಿಲ್ಲದ, ನಾಲ್ಕೇ ಛಾಯೆಗಳ ಗೇಮ್ ಬಾಯ್ ನಾಲ್ಕು ಸೆಲ್ಲುಗಳಲ್ಲಿ ಹತ್ತು ಗಂಟೆಗಳಿಗೂ ಮೀರಿ ನಡೆಯುತ್ತಿದ್ದಿತು. ಚಾರ್ಜು ಮಾಡಬಹುದಾದ ಸೆಲ್ಲುಗಳನ್ನು ತಂದ ಮೇಲಂತೂ ಆ ಖರ್ಚು ನನಗೆ ನಗಣ್ಯವಾಗಿದೆ.

ಹಳೆಯ ಯಂತ್ರದ ವೆಚ್ಚವು ಕೊಂಡ ದಿನಕ್ಕೇ ಮುಗಿಯುವುದಿಲ್ಲವೆಂಬುದು ನಿಜ. ‘ಲಿಂಕ್ಸ್ ಅವೇಕನಿಂಗ್’ ಆಟದ ಕಾರ್ಟ್ರಿಜ್‌ನಲ್ಲಿ, ಆಡುವವನು ಎಲ್ಲಿಯವರೆಗೆ ಸಾಗಿರುವನೆಂಬ ದಾಖಲೆಯನ್ನು ಕಾಯುವುದು ನಾಣ್ಯದಾಕಾರದ ಪುಟ್ಟ ಬಟನ್ ಸೆಲ್. ಅದು ತೀರಿದಾಗ ಆಟ ಉಳಿದರೂ ದಾಖಲೆ ಅಳಿಯುತ್ತದೆ. ನನ್ನದು ತೀರಿದಾಗ, ವಿಶಿಷ್ಟ ತಲೆಯುಳ್ಳ ತಿರುಪನ್ನು 3.8 ಮಿಲಿಮೀಟರಿನ ಬಿಟ್‌ನಿಂದ ಬಿಚ್ಚಿ, ಫಲಕಕ್ಕೆ ಅಂಟಿದ್ದ ಹಳೆಯ ಸೆಲ್ಲನ್ನು ತೆಗೆಸಿ, ಎರಡು ಲೋಹದ ಪಟ್ಟಿಗಳಿರುವ ಹೊಸದನ್ನು ಟಿ.ವಿ. ರಿಪೇರಿಯವರಿಂದ ಬೆಸುಗೆ ಹಾಕಿಸಿದೆನು. ಸೆಲ್ಲಿಗೂ ಕೂಲಿಗೂ ಕೂಡಿ ಹೋಟೆಲಿನ ಒಂದು ಊಟದ ಬೆಲೆಯನ್ನು ಮೀರಲಿಲ್ಲ. ಅಂತಹ ಸೆಲ್ ಸಾಮಾನ್ಯವಾಗಿ ಹಲವು ವರ್ಷಗಳ ಕಾಲ ಬಾಳುವುದು.

ಇನ್ನು ಮರುಬಿಡುಗಡೆಗಳು. ಇದೇ ಆಟದ ಬಣ್ಣದ ಆವೃತ್ತಿಯೂ ಟೆಟ್ರಿಸ್ ಮೊದಲಾದವೂ 2023ರ ಫೆಬ್ರವರಿಯಿಂದ ನಿಂಟೆಂಡೊದ ಸ್ವಿಚ್ ಯಂತ್ರದ ಆನ್‌ಲೈನ್ ಚಂದಾದಾರರಿಗೆ ಲಭ್ಯವಾದವು. ಬೆಳಗುವ ತೆರೆ, ಬೇಕಾದಲ್ಲಿ ನಿಲ್ಲಿಸಿ ಮುಂದುವರಿಸುವ ಅನುಕೂಲ, ತಪ್ಪಿದಾಗ ಹಿಂದಕ್ಕೆ ಸರಿಸುವ ಸೌಕರ್ಯ, ಇವು ಕಣ್ಣಿಗೂ ಕಾಲಕ್ಕೂ ಹಿತವಾದವುಗಳೇ. ಆದರೆ 2018ರಲ್ಲಿ ಅಮೆರಿಕದಲ್ಲಿ ನಿಗದಿಯಾದ 19.99 ಡಾಲರಿನ ವಾರ್ಷಿಕ ಚಂದಾವನ್ನು ಹಿಡಿದರೂ ಹತ್ತು ವರ್ಷಕ್ಕೆ ಸುಮಾರು 200 ಡಾಲರ್ ಆಗುವುದು. ಗೇಮ್ ಬಾಯ್ ಅಲ್ಲಿ ಮಾರಾಟಕ್ಕೆ ಬಂದಾಗ ಅದರ ಬೆಲೆ ಸುಮಾರು 90 ಡಾಲರ್. ಚಂದಾಕ್ಕೆ ಆ 200 ಡಾಲರನ್ನು ತೆತ್ತ ಮೇಲೂ, ಅದು ನಿಂತೊಡನೆ ಆಟವೂ ನಿಲ್ಲುವುದು. ಬಿಡಿಯಾಗಿ ಕೊಳ್ಳುವ ಮಾರ್ಗವೂ ಶಾಶ್ವತವಲ್ಲ: 2023ರ ಮಾರ್ಚಿನಲ್ಲಿ ನಿಂಟೆಂಡೊ 3ಡಿಎಸ್‌ನ ಆನ್‌ಲೈನ್ ಅಂಗಡಿಯು ಮಾರಾಟವನ್ನು ನಿಲ್ಲಿಸಿದಾಗ, ಅಲ್ಲಿ ದೊರೆಯುತ್ತಿದ್ದ ಹಳೆಯ ಆಟಗಳನ್ನು ಹೊಸದಾಗಿ ಕೊಳ್ಳುವ ಬಾಗಿಲು ಮುಚ್ಚಿತು.

ಆದುದರಿಂದ, ಒಂದು ಆಟಕ್ಕೆ ತೆರುವ ಹಣದೊಂದಿಗೆ ಅದರಿಂದ ದೊರೆಯುವ ಸ್ವಾತಂತ್ರ್ಯವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ನಂಬಿಕೆ. ಕಾರ್ಟ್ರಿಜ್ಜನ್ನು ರಿಪೇರಿ ಮಾಡಿಸಬಹುದು, ಸ್ನೇಹಿತರಿಗೆ ಎರವಲು ಕೊಡಬಹುದು, ಕಷ್ಟಕಾಲದಲ್ಲಿ ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಚಂದಾಕ್ಕೆ ಈ ನಾಲ್ಕರಲ್ಲಿ ಒಂದೂ ಸಲ್ಲದು. ರಜೆಯಲ್ಲಿ ಹತ್ತಾರು ಆಟಗಳ ರುಚಿ ನೋಡಬಯಸುವವರು, ಮನೆಯಲ್ಲಿ ಸ್ವಿಚ್ ಇರುವ ಪಕ್ಷದಲ್ಲಿ, ಒಂದು ತಿಂಗಳ ಚಂದಾ ತೆತ್ತು ಅದನ್ನು ಅಲ್ಲಿಗೇ ನಿಲ್ಲಿಸುವುದು ಯುಕ್ತ. ಎರಡು ಮೂರು ಆಟಗಳನ್ನೇ ವರ್ಷವರ್ಷವೂ ಪ್ರೀತಿಯಿಂದ ಆಡುವವರಾದರೋ, ನಕಲಿ ಕಾರ್ಟ್ರಿಜ್‌ಗಳು ಹೇರಳವಾಗಿರುವುದರಿಂದ ಒಳಗಿನ ಫಲಕವನ್ನು ಪರೀಕ್ಷಿಸಿ, ಸೆಲ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದು, ಅಸಲು ವಸ್ತುವನ್ನೇ ಕೊಳ್ಳಲಿ.