ಬೊಜ್ಜಿನ ಶಸ್ತ್ರಚಿಕಿತ್ಸೆಯ ನಂತರ: ಊಟ, ಆರೈಕೆ ಮತ್ತು ಸಂಸಾರ



ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಹಿಂದೆ ನಮ್ಮ ಹಳ್ಳಿಗಳ ಚಿಂತೆ ಬಹುಮಟ್ಟಿಗೆ ಅರೆಹೊಟ್ಟೆಯದಾಗಿತ್ತು. ಈಗ ಅದರ ಜೊತೆಗೆ ಅತಿತೂಕದ ಚಿಂತೆಯೂ ಬಂದು ಸೇರಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ನೂರಕ್ಕೆ ಸುಮಾರು 30 ಮಂದಿಯ ತೂಕ ಮಿತಿಯನ್ನು ಮೀರಿದೆ. ಇವರಲ್ಲಿ ಬಹುಪಾಲು ಜನರಿಗೆ ಮಿತವಾದ ಆಹಾರ ಮತ್ತು ದುಡಿಮೆಗಳೇ ಸಾಕು. ಆದರೆ ಬೊಜ್ಜು ವಿಪರೀತವಾಗಿ, ಅದರೊಡನೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಮೊದಲಾದವು ಸೇರಿಕೊಂಡಾಗ ವೈದ್ಯರು ಕೆಲವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸುತ್ತಾರೆ.

ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಅದರ ಫಲವನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಜೀವಮಾನವಿಡೀ ಮನೆಯ ಅಡುಗೆಮನೆಯಲ್ಲಿಯೇ ನಡೆಯಬೇಕು. ಆದ್ದರಿಂದ ಈ ಪಾಠವನ್ನು ಗಂಡಹೆಂಡಿರಿಬ್ಬರೂ ಕೂಡಿ ಓದಿರಿ.

1. ಹೊಟ್ಟೆಯೊಳಗೆ ಆಗುವ ಬದಲಾವಣೆ

ಇಂತಹ ಶಸ್ತ್ರಚಿಕಿತ್ಸೆಗೆ 1966ರಲ್ಲಿ ಅಮೆರಿಕದ ವೈದ್ಯ ಎಡ್ವರ್ಡ್ ಮೇಸನ್ ಅವರು ನಾಂದಿ ಹಾಡಿದರು. ಇಂದು ಹೆಚ್ಚಾಗಿ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದುಹಾಕಿ, ಉಳಿದುದನ್ನು ಬಾಳೆಹಣ್ಣಿನ ಆಕಾರದ ಕೊಳವೆಯನ್ನಾಗಿ ಉಳಿಸುತ್ತಾರೆ. ಒಂದು ಲೀಟರಿನಷ್ಟು ಹಿಡಿಯುತ್ತಿದ್ದ ಜಠರ ಆಗ 100ರಿಂದ 150 ಮಿಲಿಲೀಟರ್, ಎಂದರೆ ಒಂದು ಚಹದ ಕಪ್ಪಿನಷ್ಟು ಮಾತ್ರ ಹಿಡಿಯುತ್ತದೆ. ಎರಡನೆಯದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರಿನ ಚಿಕ್ಕ ಚೀಲವನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಆಹಾರವು ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಸಾಗುತ್ತದೆ. ಕಬ್ಬಿಣ, ಸುಣ್ಣ ಮೊದಲಾದ ಸತ್ವಗಳನ್ನು ದೇಹವು ಹೆಚ್ಚಾಗಿ ಹೀರಿಕೊಳ್ಳುವುದು ಆ ಮೊದಲ ಭಾಗದಲ್ಲಿಯೇ.

ನಿಮಗೆ ಯಾವ ವಿಧಾನದ ಶಸ್ತ್ರಚಿಕಿತ್ಸೆಯಾಗಿದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಚೀಟಿಯನ್ನು ಜೋಪಾನವಾಗಿಡಿರಿ.

2. ಮನೆಗೆ ಬಂದ ಮೇಲೆ

ತಿಕೋಟಾ ಭಾಗದಲ್ಲಿ ದ್ರಾಕ್ಷಿ ತೋಟವುಳ್ಳ ಒಂದು ಕುಟುಂಬವನ್ನು ಊಹಿಸಿಕೊಳ್ಳಿರಿ. ಸೊಸೆಯು ದೂರದ ನಗರದಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಐದನೆಯ ದಿನ ಮನೆಗೆ ಬಂದಿದ್ದಾಳೆ. ಅವಳು ಬಟ್ಟಲಲ್ಲಿ ಬೇಳೆಯ ತಿಳಿಯನ್ನಿಟ್ಟುಕೊಂಡು ಗುಟುಕರಿಸುವುದನ್ನು ಕಂಡು ಅತ್ತೆಗೆ ಕರುಳು ಚುರುಕ್ಕೆನ್ನುತ್ತದೆ. “ಇಷ್ಟ ಕುಡದ್ರ ಹೆಂಗವ್ವಾ? ಒಂದು ತುತ್ತು ರೊಟ್ಟಿ ಉಣ್ಣ, ಶಕ್ತಿ ಬರ್ತದ” ಎನ್ನುತ್ತಾಳೆ. ಈ ಮಾತಿನಲ್ಲಿರುವುದು ಪ್ರೀತಿಯೇ. ಆದರೆ ಆ ಒಂದು ತುತ್ತು ರೊಟ್ಟಿಯಿಂದ ವಾಂತಿಯಾಗಬಹುದು. ಹೊಲಿಗೆ ಹಾಕಿದ ಭಾಗಕ್ಕೆ ಎಳೆತ ಬೀಳಬಹುದು. ಇಂತಹ ಸಮಯದಲ್ಲಿ ಹಿರಿಯರಿಗೆ ವಿಷಯವನ್ನು ವಿನಯದಿಂದ ತಿಳಿಸಿ ಹೇಳುವುದು ಗಂಡನಾದವನ ಮೊದಲ ಕರ್ತವ್ಯ.

ಊಟವು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯಬೇಕು. ಸಾಮಾನ್ಯ ಕ್ರಮ ಹೀಗಿದೆ:

(ಅ) ಮೊದಲ ಎರಡು ವಾರ ದ್ರವಾಹಾರ: ಆರಂಭದ ಒಂದೆರಡು ದಿನ ನೀರು, ಎಳನೀರು, ಸೋಸಿದ ಬೇಳೆಯ ತಿಳಿ. ಬಳಿಕ ಕೆನೆ ತೆಗೆದ ಹಾಲು, ತೆಳುವಾದ ಮಜ್ಜಿಗೆ, ಸೋಸಿದ ಹೆಸರುಬೇಳೆಯ ಕಟ್ಟು.

(ಆ) ಮೂರು ಮತ್ತು ನಾಲ್ಕನೆಯ ವಾರ ನುಣ್ಣಗೆ ಅರೆದ ಆಹಾರ: ಕಡೆದ ಬೇಳೆ, ಮೊಸರು, ಚೆನ್ನಾಗಿ ಬೆಂದು ಗಂಟಿಲ್ಲದಂತೆ ಕಲಸಿದ ಜೋಳದ ಅಂಬಲಿ, ಬೇಯಿಸಿ ಕಿವುಚಿದ ಕುಂಬಳಕಾಯಿ.

(ಇ) ಐದು ಮತ್ತು ಆರನೆಯ ವಾರ ಮೆತ್ತಗಿನ ಆಹಾರ: ಹೆಸರುಬೇಳೆ ಹಾಕಿದ ಮೆತ್ತಗಿನ ಕಿಚಡಿ, ಮಜ್ಜಿಗೆಯಲ್ಲಿ ನೆನೆದ ಜೋಳದ ನುಚ್ಚು, ಪನೀರು, ಉಣ್ಣುವವರಿಗೆ ಬೇಯಿಸಿದ ತತ್ತಿ.

(ಈ) ಎರಡು ತಿಂಗಳ ಸುಮಾರಿಗೆ ಮನೆಯ ಊಟ: ಆಗಲೂ ಮೊದಲಿಗೆ ಬಿಸಿಯಾದ ಮೆತ್ತನೆಯ ರೊಟ್ಟಿಯ ಚಿಕ್ಕ ಚೂರನ್ನು ಬೇಳೆಯಲ್ಲಿ ನೆನೆಸಿ ತಿನ್ನತಕ್ಕದ್ದು. ಕಟಕ ರೊಟ್ಟಿ, ಹಸಿ ತರಕಾರಿ, ಮೊಳಕೆಕಾಳು, ಇಡಿಯಾದ ಶೇಂಗಾ ಇವುಗಳಿಗೆ ಅವಸರ ಬೇಡ.

ನಿಮ್ಮ ವೈದ್ಯರು ಬೇರೆ ಕ್ರಮವನ್ನು ಬರೆದುಕೊಟ್ಟಿದ್ದರೆ ಅದನ್ನೇ ಅನುಸರಿಸಿರಿ.

ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಮೆಲ್ಲಗೆ ನಡೆದಾಡುವುದು ಒಳ್ಳೆಯದು. ಇದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ತಪ್ಪುತ್ತದೆ. ಆದರೆ ಸುಮಾರು ಆರು ವಾರಗಳವರೆಗೆ ತುಂಬಿದ ಕೊಡ, ಜೋಳದ ಚೀಲ, ದ್ರಾಕ್ಷಿಯ ಬುಟ್ಟಿ ಇವುಗಳನ್ನು ಎತ್ತಬಾರದು. ಆ ಕೆಲಸವನ್ನು ಮನೆಯ ಇತರರು ಹಂಚಿಕೊಳ್ಳಲಿ.

3. ಉಣ್ಣುವ ರೀತಿ

ಏನು ಉಣ್ಣಬೇಕೆಂಬುದರಷ್ಟೇ ಹೇಗೆ ಉಣ್ಣಬೇಕೆಂಬುದೂ ಮುಖ್ಯ. ತುತ್ತು ಚಿಕ್ಕದಾಗಿರಲಿ. ಪ್ರತಿಯೊಂದು ತುತ್ತನ್ನೂ ಇಪ್ಪತ್ತಕ್ಕೂ ಹೆಚ್ಚು ಸಲ ಅಗಿದು ಪಾಯಸದಂತಾದ ಮೇಲೆ ನುಂಗಿರಿ. ಊಟಕ್ಕೆ 20ರಿಂದ 30 ನಿಮಿಷಗಳು ಹಿಡಿಯಲಿ. ಎದೆಯ ಕೆಳಗೆ ಬಿಗಿದಂತಾಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರು ಬರುವುದು ಇವು ಹೊಟ್ಟೆ ತುಂಬಿತೆಂಬುದರ ಸೂಚನೆಗಳು. ಅಲ್ಲಿಗೇ ನಿಲ್ಲಿಸಿರಿ. ಅನ್ನ ಕೆಡಿಸಬಾರದೆಂದು ತಾಟಿನಲ್ಲಿ ಉಳಿದುದನ್ನು ಬಲವಂತವಾಗಿ ಉಂಡರೆ ಅನ್ನವೂ ಕೆಡುತ್ತದೆ, ದೇಹವೂ ಕೆಡುತ್ತದೆ. ಮೊದಲೇ ಚಿಕ್ಕ ಬಟ್ಟಲಿನಲ್ಲಿ ಬಡಿಸಿಕೊಂಡರೆ ಈ ತೊಡಕಿಲ್ಲ.

ಊಟದ ನಡುವೆ ನೀರು ಕುಡಿಯಬೇಡಿರಿ. ಊಟವಾಗಿ ಅರ್ಧ ತಾಸು ಕಳೆದ ಮೇಲೆ ಕುಡಿಯಿರಿ. ಚಿಕ್ಕ ಜಠರದಲ್ಲಿ ನೀರು ತುಂಬಿದರೆ ಅನ್ನಕ್ಕೆ ಸ್ಥಳವಿರದು. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆ ಲೀಟರಿನಷ್ಟು ದ್ರವ ಹೊಟ್ಟೆಗೆ ಹೋಗಬೇಕು. ಬಿಸಿಲು 40 ಡಿಗ್ರಿಯನ್ನು ದಾಟುವ ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಇದನ್ನು ಮರೆತರೆ ದೇಹದ ನೀರು ಬೇಗನೆ ಬತ್ತುತ್ತದೆ. ಹೊಲಕ್ಕೆ ಹೋಗುವಾಗ ನೀರಿನ ಬಾಟಲಿ ಜೊತೆಯಲ್ಲಿರಲಿ. ಮೂತ್ರವು ಗಾಢ ಹಳದಿಯಾದರೆ ನೀರು ಸಾಲದೆಂದು ತಿಳಿಯಿರಿ.

4. ದೇಹ ಕಟ್ಟುವ ಆಹಾರ

ತೂಕ ಇಳಿಯುವಾಗ ಕೊಬ್ಬು ಕರಗಬೇಕೇ ಹೊರತು ಮಾಂಸಖಂಡ ಕರಗಬಾರದು. ಇದಕ್ಕೆ ದಿನಕ್ಕೆ 60 ಗ್ರಾಂಗೆ ಕಡಿಮೆಯಿಲ್ಲದಂತೆ ಸಸಾರಜನಕ ಬೇಕು. ದುಬಾರಿ ಡಬ್ಬಿಗಳೇ ಆಗಬೇಕೆಂದಿಲ್ಲ. ಅರ್ಧ ಲೀಟರ್ ಹಾಲಿನಿಂದ ಸುಮಾರು 16 ಗ್ರಾಂ, 60 ಗ್ರಾಂ ಬೇಳೆಯಿಂದ 13 ಗ್ರಾಂ, ಎರಡು ತತ್ತಿಗಳಿಂದ 12 ಗ್ರಾಂ, 25 ಗ್ರಾಂ ಸೋಯಾ ಉಂಡೆಗಳಿಂದ 12 ಗ್ರಾಂ, 200 ಗ್ರಾಂ ಮೊಸರಿನಿಂದ 6 ಗ್ರಾಂ ದೊರೆಯುತ್ತದೆ. ತತ್ತಿ ತಿನ್ನದವರು 60 ಗ್ರಾಂ ಪನೀರನ್ನು ಬಳಸಬಹುದು. ಇವನ್ನು ದಿನಕ್ಕೆ ಐದಾರು ಸಲ ಹಂಚಿಕೊಂಡು, ತಾಟಿನಲ್ಲಿ ಮೊದಲು ಬೇಳೆ, ಕಾಳು, ಮೊಸರು, ಬಳಿಕ ಪಲ್ಯ, ಕೊನೆಗೆ ರೊಟ್ಟಿ ಅಥವಾ ಅನ್ನ, ಈ ಕ್ರಮದಲ್ಲಿ ಉಣ್ಣಿರಿ.

ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದುಂಟು. ಗಾಬರಿ ಬೇಡ, ಸಸಾರಜನಕ ಮತ್ತು ಸತ್ವಗಳು ಸಾಕಷ್ಟಿದ್ದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

5. ಸಿಹಿ, ಹಬ್ಬ ಮತ್ತು ಜಾತ್ರೆ

ಸಕ್ಕರೆ ಅಥವಾ ಬೆಲ್ಲ ಒಮ್ಮೆಲೇ ಕರುಳಿಗೆ ಇಳಿದರೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ ಉಂಟಾಗಬಹುದು. ಒಂದರಿಂದ ಮೂರು ತಾಸುಗಳ ಬಳಿಕ ರಕ್ತದ ಸಕ್ಕರೆ ಇಳಿದು ತಲೆಸುತ್ತು, ನಡುಕವೂ ಬರಬಹುದು. ಜಠರವನ್ನು ಕರುಳಿಗೆ ಜೋಡಿಸಿಕೊಂಡವರಲ್ಲಿ ಇದು ಹೆಚ್ಚು.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ, ಎಳ್ಳು ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಕೂಡಿ ಉಣ್ಣುವಾಗ ಒಬ್ಬರೇ ದೂರ ಕುಳಿತುಕೊಳ್ಳಬೇಕಾಗಿಲ್ಲ. ಪಂಕ್ತಿಯಲ್ಲಿ ಕುಳಿತು ಕಾಳುಪಲ್ಯ, ಮೊಸರುಗಳನ್ನು ನಿಮ್ಮ ಅಳತೆಯಲ್ಲಿ ಉಣ್ಣಿರಿ, ಹೋಳಿಗೆಯನ್ನು ಬಿಡಿರಿ. ತಿಕೋಟಾ, ಬಬಲೇಶ್ವರ ಭಾಗದವರು ಇನ್ನೊಂದು ಮಾತನ್ನು ನೆನಪಿಡಬೇಕು. ತಾಜಾ ದ್ರಾಕ್ಷಿಯಲ್ಲಿ ಬಹುಭಾಗ ನೀರು; ಒಣದ್ರಾಕ್ಷಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆ. ದ್ರಾಕ್ಷಿ ಒಣಗಿಸುವಲ್ಲಿ ಕೆಲಸ ಮಾಡುತ್ತ ಬಾಯಿಗೆ ಹಾಕಿಕೊಳ್ಳುವ ಒಂದೊಂದು ಹಿಡಿಯೂ ಲೆಕ್ಕಕ್ಕೆ ಬರುತ್ತದೆ.

ಸಿಹಿ ಚಹ, ಬಾಟಲಿಯ ಪಾನೀಯ, ಭಜಿ, ಚೂಡಾ ಇವು ಚಿಕ್ಕ ಜಠರದಿಂದಲೂ ಸುಲಭವಾಗಿ ಜಾರಿಹೋಗುತ್ತವೆ. ಇಳಿದ ತೂಕ ಮರಳುವುದು ಬಹಳಮಟ್ಟಿಗೆ ಇವುಗಳಿಂದಲೇ. ಮದ್ಯವು ಮೊದಲಿಗಿಂತ ಬೇಗನೆ ತಲೆಗೇರುತ್ತದೆ. ಬೀಡಿ, ತಂಬಾಕುಗಳು ಹುಣ್ಣಿಗೆ ದಾರಿಯಾಗುತ್ತವೆ. ಇವನ್ನು ಪೂರ್ತಿಯಾಗಿ ಬಿಡತಕ್ಕದ್ದು.

6. ಗುಳಿಗೆಗಳು ಮತ್ತು ತಪಾಸಣೆ

ಊಟ ಕಡಿಮೆಯಾದಾಗ ಸತ್ವಗಳೂ ಕಡಿಮೆಯಾಗುತ್ತವೆ. ಆದ್ದರಿಂದ ಜೀವಸತ್ವ, ಕಬ್ಬಿಣ, ಸುಣ್ಣ, ಡಿ ಮತ್ತು ಬಿ-12 ಗುಳಿಗೆಗಳನ್ನು ವೈದ್ಯರು ಹೇಳಿದಂತೆ ಜೀವಮಾನವಿಡೀ ಸೇವಿಸಬೇಕು. ಶಾಕಾಹಾರಿಗಳು ಬಿ-12ನ್ನು ಎಂದಿಗೂ ತಪ್ಪಿಸಬಾರದು. ಅದರ ಕೊರತೆಯಿಂದ ರಕ್ತಹೀನತೆ ಮತ್ತು ನರಗಳ ದೌರ್ಬಲ್ಯ ಉಂಟಾಗುತ್ತವೆ. ಕಬ್ಬಿಣದ ಗುಳಿಗೆಗೂ ಸುಣ್ಣದ ಗುಳಿಗೆಗೂ ನಡುವೆ ಎರಡು ತಾಸಿನ ಅಂತರವಿರಲಿ. ಕಬ್ಬಿಣದ ಗುಳಿಗೆಯನ್ನು ಚಹದೊಡನೆ ನುಂಗಬೇಡಿರಿ.

ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಔಷಧಗಳ ಪ್ರಮಾಣವನ್ನು ವೈದ್ಯರು ಇಳಿಸಬೇಕಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿರಿ, ಹಳೆಯ ಪ್ರಮಾಣವನ್ನೇ ಮುಂದುವರಿಸಲೂಬೇಡಿರಿ. ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೇನ್ ಗುಳಿಗೆಗಳನ್ನು ತಂದು ನುಂಗಬಾರದು. ಮೂರು, ಆರು ಮತ್ತು ಹನ್ನೆರಡನೆಯ ತಿಂಗಳಿನಲ್ಲಿ, ಅನಂತರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿರಿ. ಶಸ್ತ್ರಚಿಕಿತ್ಸೆ ದೂರದಲ್ಲಿ ನಡೆದಿದ್ದರೂ ನಡುವಿನ ತಪಾಸಣೆಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ವಿಜಯಪುರದ ಜಿಲ್ಲಾ ಆಸ್ಪತ್ರೆಯನ್ನೂ ಸಂಪರ್ಕಿಸಬಹುದು.

7. ಗರ್ಭಧಾರಣೆಗೆ ಅವಸರ ಬೇಡ

ಮೇಲೆ ಹೇಳಿದ ಸೊಸೆಗೆ ಮದುವೆಯಾಗಿ ಆರು ವರ್ಷಗಳಾಗಿದ್ದರೂ ಮಕ್ಕಳಿರಲಿಲ್ಲ ಎಂದುಕೊಳ್ಳಿರಿ. ಬೊಜ್ಜಿನಿಂದಾಗಿ ಮುಟ್ಟು ಏರುಪೇರಾಗಿತ್ತು. ತೂಕ ಇಳಿದಂತೆ ಕೆಲವೇ ತಿಂಗಳುಗಳಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ, ಗರ್ಭ ನಿಲ್ಲುವ ಸಂಭವವೂ ಹೆಚ್ಚುತ್ತದೆ. ಇಷ್ಟು ವರ್ಷ ಆಗದ್ದು ಈಗೇನು ಆದೀತು ಎಂದು ದಂಪತಿಗಳು ಎಚ್ಚರ ತಪ್ಪುವುದು ಇಲ್ಲಿಯೇ.

ತೂಕವು ವೇಗವಾಗಿ ಇಳಿಯುವ ಕಾಲದಲ್ಲಿ ತಾಯಿಯ ದೇಹದಲ್ಲಿ ಸತ್ವಗಳ ಸಂಗ್ರಹ ಕಡಿಮೆ. ಆಗ ಗರ್ಭ ನಿಂತರೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯ ಬಳಿಕ 12ರಿಂದ 18 ತಿಂಗಳು ಗರ್ಭಧಾರಣೆಯನ್ನು ಮುಂದೂಡಬೇಕೆಂಬುದು ವೈದ್ಯರ ಸಲಹೆ. ಮಗುವಿಗಾಗಿ ಕಾದವರಿಗೆ ಈ ಮಾತು ಕಹಿಯೆನಿಸೀತು. ಆದರೆ ಇನ್ನೊಂದು ವರ್ಷದ ತಾಳ್ಮೆಯಿಂದ ಮಗುವಿಗೆ ಬಲವಾದ ತಾಯಿ ದೊರೆಯುತ್ತಾಳೆ.

ಈ ಅವಧಿಯಲ್ಲಿ ನುಂಗುವ ಗರ್ಭನಿರೋಧಕ ಗುಳಿಗೆಗಳನ್ನೇ ನಂಬಬೇಡಿರಿ. ಕರುಳಿನ ಜೋಡಣೆ ಬದಲಾದವರಲ್ಲಿ, ವಾಂತಿ ಭೇದಿಯಾಗುವವರಲ್ಲಿ ಅವು ಸರಿಯಾಗಿ ಹೀರಲ್ಪಡದಿರಬಹುದು. ವಂಕಿ ಮತ್ತು ನಿರೋಧ್ ಇವುಗಳ ಮೇಲೆ ಜಠರದ ಶಸ್ತ್ರಚಿಕಿತ್ಸೆಯ ಪರಿಣಾಮವೇನೂ ಇಲ್ಲ. ವಂಕಿಯಿಂದ ಮುಟ್ಟಿನ ಸ್ರಾವ ಹೆಚ್ಚಿದರೆ ರಕ್ತಹೀನತೆಯ ಪರೀಕ್ಷೆ ಮಾಡಿಸಿರಿ. ಮಕ್ಕಳು ಸಾಕೆನ್ನುವ ದಂಪತಿಗಳಲ್ಲಿ ಗಂಡನು ಸಂತಾನಹರಣ ಶಸ್ತ್ರಚಿಕಿತ್ಸೆಗೆ ಮುಂದೆ ಬರಬಹುದು. ಅದು ಸರಳವಾದದ್ದು, ಒಮ್ಮೆ ಕೊಯ್ತ ಕಂಡ ಹೆಂಡತಿಗೆ ಮತ್ತೊಂದು ಕೊಯ್ತ ತಪ್ಪುತ್ತದೆ. ಅದಾದ ಮೇಲೆಯೂ ಮೂರು ತಿಂಗಳು ನಿರೋಧ್ ಬಳಸುವುದು ಅವಶ್ಯ.

ಅವಧಿ ಮುಗಿದು ಮಗು ಬೇಕೆಂದಾಗ ಮೊದಲು ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಫೋಲಿಕ್ ಆಮ್ಲದ ಗುಳಿಗೆಯನ್ನು ಆರಂಭಿಸಿರಿ. ಗರ್ಭಿಣಿಯಾದೊಡನೆ ಆಶಾ ಕಾರ್ಯಕರ್ತೆಗೂ ವೈದ್ಯರಿಗೂ ಹಳೆಯ ಶಸ್ತ್ರಚಿಕಿತ್ಸೆಯ ವಿಷಯವನ್ನು ತಿಳಿಸಿರಿ. ಗರ್ಭಿಣಿಯರಿಗೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆಯು ನಿಮಗೆ ತೊಂದರೆ ಕೊಡಬಹುದು. ವೈದ್ಯರು ಬೇರೆ ವಿಧದಲ್ಲಿ ಪರೀಕ್ಷಿಸುತ್ತಾರೆ.

8. ಅಪಾಯದ ಸೂಚನೆಗಳು

ಕೆಳಗಿನ ಯಾವುದೇ ಲಕ್ಷಣ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿರಿ:

— ತೀವ್ರವಾದ ಹೊಟ್ಟೆನೋವು, ಜ್ವರ, ಅತಿ ವೇಗದ ನಾಡಿ;
— ಉಸಿರಾಟದ ತೊಂದರೆ, ಒಂದೇ ಕಾಲಿನ ಊತ ಮತ್ತು ನೋವು;
— ರಕ್ತ ವಾಂತಿ ಅಥವಾ ಡಾಂಬರಿನಂತೆ ಕಪ್ಪಾದ ಮಲ;
— ನೀರೂ ನಿಲ್ಲದಂತೆ ವಾಂತಿ.

ದಿನಗಟ್ಟಲೆ ವಾಂತಿಯಾದರೆ ಬಿ-1 ಜೀವಸತ್ವ ಬತ್ತಿ, ದೃಷ್ಟಿ ಮಂಜಾಗುವುದು, ನಡಿಗೆ ತಡವರಿಸುವುದು, ಬುದ್ಧಿ ಮಂಕಾಗುವುದು ಸಂಭವಿಸಬಹುದು. ಆಸ್ಪತ್ರೆಯಲ್ಲಿ ಸಲೈನ್ ಏರಿಸುವ ಮೊದಲೇ ಜಠರದ ಶಸ್ತ್ರಚಿಕಿತ್ಸೆಯಾಗಿದೆಯೆಂದು ಹೇಳಿ, ನಿಮ್ಮ ಚೀಟಿಯನ್ನು ತೋರಿಸಿರಿ.

9. ಮುಕ್ತಾಯ

ಶಸ್ತ್ರಚಿಕಿತ್ಸೆ ಒಬ್ಬರಿಗೆ ಆದರೂ ಪಥ್ಯ ಇಡೀ ಮನೆಯದಾಗಲಿ. ಬೇಳೆ, ಕಾಳು, ಪಲ್ಯ ಹೆಚ್ಚಾಗಿ, ಎಣ್ಣೆ ಸಕ್ಕರೆ ಕಡಿಮೆಯಾದ ಅಡುಗೆ ಮನೆಯ ಎಲ್ಲರಿಗೂ ಹಿತ. ಹೆಂಡತಿ ಎರಡು ಹಿಡಿ ಉಂಡು ಕೈ ತೊಳೆದಾಗ ಗಂಡನು “ಇಷ್ಟೇನಾ?” ಎನ್ನದೆ “ಸಾಕಾಯಿತೇ?” ಎಂದು ಕೇಳಲಿ. ಆ ಒಂದು ಮಾತೂ ಔಷಧವೇ.

ಈ ಪ್ರಶ್ನೆಗಳನ್ನು ಪರಸ್ಪರ ಕೇಳಿಕೊಳ್ಳಿರಿ

1. ಊಟದ ನಡುವೆ ನೀರು ಕುಡಿಯಬಾರದೇಕೆ?
2. ಹೊಟ್ಟೆ ತುಂಬಿತೆಂಬುದರ ಸೂಚನೆಗಳಾವುವು?
3. ನಮ್ಮ ಮನೆಯ ಅಡುಗೆಯಲ್ಲಿ 60 ಗ್ರಾಂ ಸಸಾರಜನಕವನ್ನು ಹೇಗೆ ಹೊಂದಿಸುವುದು?
4. ಗರ್ಭಧಾರಣೆಯನ್ನು ಎಷ್ಟು ತಿಂಗಳು, ಯಾವ ವಿಧಾನದಿಂದ ಮುಂದೂಡಬೇಕು?
5. ಯಾವ ಲಕ್ಷಣ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು?