ಕಾಲಿಗೆ ರಾಡ್ ಹಾಕಿಸಿ ಮನೆಗೆ ಬಂದ ಮೇಲೆ

ಬ್ಯಾಡಗಿ ಮಾರುಕಟ್ಟೆಯ ಅಂಗಡಿಯೊಂದರ ಮುಂದೆ, ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ನಮ್ಮಣ್ಣ ಬಲಗಾಲೊಂದನ್ನೇ ಇಟ್ಟು ನಿಂತಿದ್ದ. ಎಡಗಾಲ ಕೆಳಗೆ ಕಾಟಾದಷ್ಟೇ ಎತ್ತರದ ಹಲಗೆ, ಎರಡೂ ಕಡೆ ಊರುಗೋಲು. ಅವನು ಮೆಲ್ಲಗೆ ಭಾರ ಬಿಟ್ಟಂತೆ ಅಂಕಿ ಆರು, ಎಂಟು, ಹನ್ನೊಂದು ಎಂದು ಏರಿತು. ‘ಹತ್ತಕ್ಕ ನಿಲ್ಲಸಣ್ಣಾ’ ಎಂದೆ. ಆರು ವಾರ ಆ ಕಾಲಿಗೆ ಹತ್ತು ಕಿಲೋಕ್ಕಿಂತ ಹೆಚ್ಚು ಭಾರ ಬೀಳಬಾರದು ಎಂದು ವೈದ್ಯರು ಹೇಳಿದ್ದರು. ಇಪ್ಪತ್ತು ವರ್ಷ ಚೀಲ ಹೊತ್ತ ಹಮಾಲ ಅವನು. ಬೆನ್ನಿಗೆ ಹತ್ತು ಕಿಲೋ ಎಂದರೆ ಎಷ್ಟೆಂದು ಗೊತ್ತಿತ್ತು, ಅಂಗಾಲಿಗೆ ಗೊತ್ತಿರಲಿಲ್ಲ. ನಾಲ್ಕು ದಿನ ಹೀಗೆ ನಿಂತ ಮೇಲೆ ಕಾಟಾ ಬೇಕಾಗಲಿಲ್ಲ.

ಅದು ಅವನ ಎರಡನೇ ಶಸ್ತ್ರಚಿಕಿತ್ಸೆಯ ನಂತರದ ಮಾತು. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಮೊದಲ ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಗಿತ್ತು. ಎರಡನೆಯದು ಬೇಕಾದದ್ದು ಮನೆಯಲ್ಲಿ ನಾವು ಕಳೆದ ಮೂರು ವಾರದಿಂದ. ಆ ಮೂರು ವಾರದ ಕಥೆ ಮುಂದೆ ಹೇಳುತ್ತೇನೆ.

ನಮ್ಮ ಹಾವೇರಿ ಜಿಲ್ಲೆಯಲ್ಲಿ ಕಾಲು ಮುರಿಯಲು ಕಾರಣಗಳು ಬೇಕಾದಷ್ಟಿವೆ. ಮೊದಲು 4 ಎಂದು ಕರೆಯುತ್ತಿದ್ದ, ಈಗಿನ ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು ದಾಟಿ ಹೋಗುತ್ತದೆ. 2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಗುದ್ದಿ ಭದ್ರಾವತಿ ತಾಲ್ಲೂಕಿನ 13 ಮಂದಿ ತೀರಿಕೊಂಡದ್ದನ್ನು ಈ ಭಾಗದವರು ಮರೆತಿಲ್ಲ. ಹೆದ್ದಾರಿ ಬಿಟ್ಟರೆ ಹೊಲದಲ್ಲಿ ಟ್ರ್ಯಾಕ್ಟರ್, ದೀಪಾವಳಿ ಪಾಡ್ಯದಿಂದ, ಕೊಬ್ಬರಿ ಕಟ್ಟಿ ಓಡಿಸಿದ ಹೋರಿಯನ್ನು ಹಿಡಿಯುವ ಕೊಬ್ಬರಿ ಹೋರಿ ಸ್ಪರ್ಧೆ. ಹೋರಿಯ ಕೋಡು ತಾಗಿದ ಗಾಯ ಹೊರಗೆ ಬೆರಳಿನಷ್ಟೇ ಕಂಡರೂ ಒಳಗೆ ಆಳಕ್ಕೆ ಹೋಗಿರುತ್ತದೆ, ಮಣ್ಣು ಸಗಣಿಯನ್ನೂ ಒಯ್ದಿರುತ್ತದೆ. ಅದನ್ನು ಮನೆಯಲ್ಲಿ ತೊಳೆದು ಪಟ್ಟಿ ಕಟ್ಟಿ ಸುಮ್ಮನಾಗುವಂತಿಲ್ಲ.

ಬಿದ್ದ ಜಾಗದಲ್ಲಿ

108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವತನಕ ಕಾಲನ್ನು ಎಳೆಯಬೇಡಿ, ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ. ಅರಿಶಿನ, ಚಹಾಪುಡಿ, ಸುಣ್ಣ ಯಾವುದೂ ಬೇಡ. ಮುಂದೆ ಶಸ್ತ್ರಚಿಕಿತ್ಸೆಯಲ್ಲಿ ಅದೆಲ್ಲವನ್ನೂ ಕಣಕಣವಾಗಿ ತೊಳೆದು ತೆಗೆಯಬೇಕಾಗುತ್ತದೆ. ಸ್ವಚ್ಛ ಬಟ್ಟೆಯಿಂದ ಗಾಯ ಮುಚ್ಚಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಹೊರಬಂದ ಮೂಳೆಯ ಮೇಲೆ ಮಾತ್ರ ಒತ್ತಬೇಡಿ. ಮುಚ್ಚುವ ಮೊದಲು ಫೋನಿನಲ್ಲಿ ಒಂದು ಫೋಟೊ ತೆಗೆದುಕೊಂಡರೆ, ಆಸ್ಪತ್ರೆಯಲ್ಲಿ ಒಬ್ಬೊಬ್ಬರೂ ಬಟ್ಟೆ ಬಿಚ್ಚಿ ನೋಡುವುದು ತಪ್ಪುತ್ತದೆ. ಮುರಿದ ಕಾಲನ್ನು ಇನ್ನೊಂದು ಕಾಲಿಗೆ ಸೇರಿಸಿ, ನಡುವೆ ಟವೆಲ್ ಇಟ್ಟು ಹಗುರವಾಗಿ ಕಟ್ಟಬಹುದು. ಕಾಲುಂಗುರ, ಗೆಜ್ಜೆಗಳನ್ನು ಬಾವು ಏರುವ ಮೊದಲೇ ತೆಗೆಯಿರಿ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡಬೇಕಾಗಬಹುದು, ಆದ್ದರಿಂದ ಹೊಟ್ಟೆಗೆ ಏನೂ ಬೇಡ, ಚಹಾ ಕೂಡ.

ಪೊಲೀಸ್ ಗೋಜಲು ಎಂದು ಹಿಂಜರಿಯಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ.

ಎಲ್ಲಿಗೆ ಒಯ್ಯಬೇಕು? ಹಾವೇರಿ ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತಸ್ರಾವ ನಿಲ್ಲಿಸಿ, ಟಿಟಿ ಮತ್ತು ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡಿಸುವುದು ಮೊದಲ ಕೆಲಸ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಆ ಚುಚ್ಚುಮದ್ದು ಎಷ್ಟು ಬೇಗ ಬಿದ್ದರೆ ಸೋಂಕು ಅಷ್ಟು ಕಡಿಮೆ. ದೊಡ್ಡ ಗಾಯಗಳಿಗೆ ಹಾವೇರಿಯವರು ಹುಬ್ಬಳ್ಳಿಗೆ, ಜನ ಈಗಲೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆಗೆ ಹೋಗುತ್ತಾರೆ. ರಾಣೆಬೆನ್ನೂರಿನವರಿಗೆ ದಾವಣಗೆರೆ ಹತ್ತಿರ. ಪಾದ ತಣ್ಣಗಾಗಿ ಬಿಳಿಚಿಕೊಂಡಿದ್ದರೆ ರಕ್ತನಾಳ ತುಂಡಾಗಿರಬಹುದು. ಆಗ ಹೊರಡುವ ಮೊದಲೇ ಫೋನ್ ಮಾಡಿ, ರಕ್ತನಾಳ ಜೋಡಿಸುವ ವೈದ್ಯರು ಆ ಹೊತ್ತಿಗೆ ಇದ್ದಾರೆಯೇ ಎಂದು ಕೇಳಿಕೊಳ್ಳಿ. ರಕ್ತ ಹರಿಯದೆ ಸುಮಾರು ಆರು ತಾಸು ಕಳೆದರೆ ಮಾಂಸಖಂಡ ಸಾಯತೊಡಗುತ್ತದೆ. ಎರಡು ಆಸ್ಪತ್ರೆ ಸುತ್ತಿ ಮೂರನೆಯದಕ್ಕೆ ಹೋಗುವಷ್ಟು ಸಮಯ ಇರುವುದಿಲ್ಲ.

ಮೊದಲ ಮೂರು ದಿನ

ಇಲ್ಲಿ ಕಾಲಿನ ಪಕ್ಕ ಕೂತವರ ಕಣ್ಣು ಮುಖ್ಯ. ಮೀನಖಂಡದ ಸ್ನಾಯುಗಳ ಸುತ್ತ ಹಿಗ್ಗದ ಪೊರೆ ಇರುತ್ತದೆ. ಮುರಿತದಿಂದ ಬಾವು ಏರಿದಾಗ ಆ ಪೊರೆಯೊಳಗೆ ಒತ್ತಡ ಹೆಚ್ಚಿ ರಕ್ತ ಹೋಗುವುದು ನಿಲ್ಲುತ್ತದೆ. ನೋವಿನ ಚುಚ್ಚುಮದ್ದು ಕೊಟ್ಟರೂ ನೋವು ಏರುತ್ತಲೇ ಇರುತ್ತದೆ, ಮೀನಖಂಡ ಕಲ್ಲಿನಂತೆ ಬಿಗಿಯುತ್ತದೆ, ಹೆಬ್ಬೆರಳನ್ನು ಮೆಲ್ಲಗೆ ಮೇಲಕ್ಕೆತ್ತಿದರೂ ರೋಗಿ ಚೀರುತ್ತಾನೆ. ‘ನೋವು ಇದ್ದದ್ದೇ, ತಡ್ಕೋ’ ಎಂದು ಹೇಳಬಾರದ ಹೊತ್ತು ಇದು. ನರ್ಸ್ ಒಮ್ಮೆ ಬಾರದಿದ್ದರೆ ಮತ್ತೆ ಕರೆಯಿರಿ, ರಾತ್ರಿ ಎರಡು ಗಂಟೆಯಾದರೂ ವೈದ್ಯರನ್ನು ಎಬ್ಬಿಸಲು ಹೇಳಿ. ಪರಿಹಾರ ಚರ್ಮ ಮತ್ತು ಪೊರೆಯನ್ನು ಉದ್ದಕ್ಕೆ ಸೀಳಿ ಕೆಲವು ದಿನ ತೆರೆದಿಡುವುದು. ನೋಡಿದವರು ಹೆದರುತ್ತಾರೆ, ‘ಕಾಲು ಸೀಳಿ ಹಂಗs ಬಿಟ್ಟಾರ’ ಎಂದು ಜಗಳಕ್ಕೂ ನಿಲ್ಲುತ್ತಾರೆ. ಆ ಸೀಳೇ ಕಾಲನ್ನು ಉಳಿಸುವುದು. ಆಮೇಲೆ ಹೊಲಿದು ಅಥವಾ ತೊಡೆಯ ಚರ್ಮ ಕಸಿ ಮಾಡಿ ಮುಚ್ಚುತ್ತಾರೆ.

ಇದೇ ಕಾರಣಕ್ಕೆ ಬಿದಿರಿನ ದಬ್ಬೆ ಇಟ್ಟು ಬಿಗಿಯುವ ನಾಟಿ ಕಟ್ಟಿನ ಬಗ್ಗೆ ನಾನು ಕಟುವಾಗಿ ಹೇಳಲೇಬೇಕು. ಸಣ್ಣ ಬಿರುಕಿಗೆ ಆ ಕಟ್ಟು ಕಟ್ಟಿಸಿಕೊಂಡು ಗುಣವಾದವರು ಪ್ರತಿ ಊರಲ್ಲೂ ಸಿಗುತ್ತಾರೆ. ಆದರೆ ಬಾವು ಏರುತ್ತಿರುವ ಕಾಲಿಗೆ ಬಿಗಿ ಕಟ್ಟು ಬಿದ್ದರೆ ಬೆರಳು ಕಪ್ಪಾಗಲು ಒಂದು ರಾತ್ರಿ ಸಾಕು. ಗಾಯವಿರುವ ಕಾಲು, ಸೊಟ್ಟಗಾದ ಕಾಲು, ಮಕ್ಕಳ ಕಾಲು ಅಲ್ಲಿಗೆ ಹೋಗಲೇಬಾರದು.

ಪ್ಲಾಸ್ಟರ್ ಕೆಳಗೂ ಅಪಾಯ ಅಡಗಿರಬಹುದು. ನೃತ್ಯಗಾತಿ ಸುಧಾ ಚಂದ್ರನ್ 1981ರಲ್ಲಿ ತಮಿಳುನಾಡಿನಲ್ಲಿ ಬಸ್ ಅಪಘಾತಕ್ಕೆ ಸಿಕ್ಕಾಗ, ಪಾದದ ಕೀಲಿನ ಬಳಿಯ ಸಣ್ಣ ಗಾಯವನ್ನು ಗಮನಿಸದೆ ಪ್ಲಾಸ್ಟರ್ ಹಾಕಿದ್ದರಿಂದ ಒಳಗೆ ಕೊಳೆತು ಬಲಗಾಲನ್ನೇ ಕತ್ತರಿಸಬೇಕಾಯಿತು. ಜೈಪುರ ಪಾದ ಹಾಕಿಕೊಂಡು ಅವರು ಮತ್ತೆ ವೇದಿಕೆಯಲ್ಲಿ ಕುಣಿದದ್ದು ಎಲ್ಲರಿಗೂ ನೆನಪಿದೆ, ಆ ಚಿಕ್ಕ ಗಾಯ ನೆನಪಿಲ್ಲ. ಪ್ಲಾಸ್ಟರ್‌ನಿಂದ ವಾಸನೆ ಬಂದರೆ, ಒಂದೇ ಜಾಗದಲ್ಲಿ ಉರಿದರೆ, ಜ್ವರ ಬಂದರೆ ಅದನ್ನು ಕತ್ತರಿಸಿ ತೆರೆದು ನೋಡಲು ಕೇಳಿ.

ತೊಡೆಯ ಅಥವಾ ಮೊಣಕಾಲ ಕೆಳಗಿನ ದೊಡ್ಡ ಮೂಳೆ ಮುರಿದವರಿಗೆ ಒಂದರಿಂದ ಮೂರು ದಿನದೊಳಗೆ ಏದುಸಿರು, ಮಾತಿನಲ್ಲಿ ತಡಬಡ, ಎದೆ ಅಥವಾ ಕಂಕುಳ ಬಳಿ ಕೆಂಪು ಚುಕ್ಕೆ ಕಂಡರೆ ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿರಬಹುದು. ವಾರಗಳ ನಂತರವೂ ಮೀನಖಂಡ ಒಂದೇ ಕಡೆ ಊದಿ ನೋಯತೊಡಗಿದರೆ ರಕ್ತ ಹೆಪ್ಪುಗಟ್ಟಿದೆ ಎಂದು ಅನುಮಾನಿಸಿ. ಅದನ್ನು ತಿಕ್ಕಿ ಎಣ್ಣೆ ಹಚ್ಚಬೇಡಿ, ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ಗಾಯ ಸೋರಿದರೆ

ಈಗ ಅಣ್ಣನ ಮೂರು ವಾರ. ಹೊಲಿಗೆ ಬಿಚ್ಚಿ ಹತ್ತು ದಿನವಾಗಿತ್ತು. ಮೊಣಕಾಲ ಕೆಳಗೆ ಗಾಯದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ತೂತು, ಅದರಿಂದ ದಿನಕ್ಕೆ ನಾಲ್ಕೈದು ಹನಿ ತಿಳಿಹಳದಿ ನೀರು. ಲುಂಗಿಗೆ ಹತ್ತಿದ ಕಲೆಯನ್ನು ಅವನು ತಾನೇ ತೊಳೆದುಕೊಳ್ಳುತ್ತಿದ್ದ. ಅತ್ತಿಗೆ ಕೇಳಿದರೆ ‘ಏನಿಲ್ಲ, ಬೆವರು’ ಎನ್ನುತ್ತಿದ್ದ. ಮತ್ತೆ ಆಸ್ಪತ್ರೆ ಎಂದರೆ ಮತ್ತೆ ಸಾಲ ಎಂಬ ಅಂಜಿಕೆ. ಮೆಡಿಕಲ್ ಅಂಗಡಿಯಿಂದ ಐದು ದಿನದ ಮಾತ್ರೆ ತಂದ, ಸೋರುವುದು ನಿಂತಿತು. ಮಾತ್ರೆ ಮುಗಿದ ಮೂರನೇ ದಿನ ಮತ್ತೆ ಶುರು. ಹೀಗೆ ಎರಡು ಸಲ. ನಮಗೆ ಗೊತ್ತಾಗುವಷ್ಟರಲ್ಲಿ ಜ್ವರ ಬಂದಿತ್ತು.

ಒಳಗೆ ಆದದ್ದು ಇಷ್ಟು. ರೋಗಾಣುಗಳು ಪ್ಲೇಟ್, ರಾಡ್, ಸ್ಕ್ರೂಗಳ ಮೇಲೆ ಲೋಳೆಯ ಪೊರೆ ಕಟ್ಟಿಕೊಂಡು ಕೂರುತ್ತವೆ. ಆ ಪೊರೆ ಗಟ್ಟಿಯಾದ ಮೇಲೆ ಮಾತ್ರೆ ಒಳಗೆ ಇಳಿಯುವುದಿಲ್ಲ. ಮೊದಲ ಕೆಲವೇ ವಾರಗಳಲ್ಲಿ ಬಂದಿದ್ದರೆ ಗಾಯ ತೆರೆದು ತೊಳೆದು ಲೋಹವನ್ನು ಹಾಗೆಯೇ ಉಳಿಸುವ ಅವಕಾಶ ಹೆಚ್ಚಿರುತ್ತಿತ್ತು. ತಡವಾದದ್ದರಿಂದ ಪ್ಲೇಟ್ ತೆಗೆದು, ಸತ್ತ ಮೂಳೆ ಕೆರೆದು, ಹೊರಗಿನಿಂದ ಚೌಕಟ್ಟು ಹಾಕಬೇಕಾಯಿತು. ಅದಕ್ಕೂ ಮೊದಲು ನೋಡಿದ ಒಂದು ಕಡೆ ಕೀವನ್ನು ಪರೀಕ್ಷೆಗೆ ಕಳಿಸದೆ ಮಾತ್ರೆ ಮಾತ್ರ ಬದಲಿಸಿದ್ದರು.

ಆದ್ದರಿಂದ ಗಾಯ ಒಣಗಿದ ಮೇಲೆ ಮತ್ತೆ ಒಂದು ಹನಿ ಸೋರಿದರೂ ಶಸ್ತ್ರಚಿಕಿತ್ಸೆ ಮಾಡಿದವರ ಬಳಿಗೇ ಹೋಗಿ. ಮಾತ್ರೆ ನುಂಗುವ ಮೊದಲೇ ಹೋಗಿ. ಯಾವ ರೋಗಾಣು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಸುವ ಕಲ್ಚರ್ ಪರೀಕ್ಷೆ ಆಗಬೇಕು, ಮೊದಲೇ ಮಾತ್ರೆ ತಿಂದಿದ್ದರೆ ಅದರಲ್ಲಿ ಏನೂ ಸಿಗದೆ ಹೋಗಬಹುದು. ಸಕ್ಕರೆ ಕಾಯಿಲೆ ಇದ್ದರೆ ರಕ್ತದ ಸಕ್ಕರೆ ಹತೋಟಿಗೆ ಬರದೆ ಗಾಯ ಮಾಯುವುದಿಲ್ಲ.

ಇನ್ನು ‘ನಂಜು’. ಬದನೆಕಾಯಿ ನಂಜು, ಮೊಟ್ಟೆ ನಂಜು, ಮಾಂಸ ನಂಜು ಎಂದು ತಿಂಗಳುಗಟ್ಟಲೆ ಅನ್ನ ಸಾರಿನಲ್ಲಿ ಇಡುತ್ತೇವೆ. ಪ್ರೀತಿಯಿಂದ ಮಾಡುವ ತಪ್ಪು ಇದು. ಚರ್ಮ, ಮಾಂಸಖಂಡ, ಮೂಳೆ ಕಟ್ಟಲು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಸಸ್ಯಾಹಾರಿಗಳಾದರೆ ರೊಟ್ಟಿಯ ಜೊತೆ ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ದಿನಾ ಇರಲಿ. ನಿಲ್ಲಿಸಬೇಕಾದದ್ದು ಬೀಡಿ, ಸಿಗರೇಟು, ಗುಟ್ಕಾ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸಿ ಮೂಳೆ ಕೂಡುವುದನ್ನು ತಡೆಯುತ್ತದೆ. ಆಸ್ಪತ್ರೆಗೆ ನೋಡಲು ಬರುವ ಗೆಳೆಯರು ಸೇಬು ತರಲಿ, ಬೀಡಿ ಕಟ್ಟು ಬೇಡ.

ಮೂಳೆ ಕೂಡದಿದ್ದರೆ

ಮೊಣಕಾಲ ಕೆಳಗಿನ ಮೂಳೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳ ಎಕ್ಸ್‌ರೇಗಳಲ್ಲಿ ಸುಧಾರಣೆ ಕಾಣದಿದ್ದರೆ ಅದು ತಾನಾಗಿ ಕೂಡುವ ಸಂಭವ ಕಡಿಮೆ. ಹಳೆಯ ಎಕ್ಸ್‌ರೇಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಅದರಲ್ಲಿ ಮೊದಲ ವೈದ್ಯರಿಗೆ ಅವಮಾನವೇನಿಲ್ಲ.

ಮೂಳೆ ತುಂಡು ಕಳೆದುಹೋದವರಿಗೆ, ಕಾಲು ಗಿಡ್ಡವಾದವರಿಗೆ ಇಲಿಜರೋವ್ ಚೌಕಟ್ಟು ಹಾಕುತ್ತಾರೆ. ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರಿಲ್ ಇಲಿಜರೋವ್ ಎಂಬ ವೈದ್ಯರು 1950ರ ದಶಕದ ಆರಂಭದಲ್ಲಿ ರೂಪಿಸಿದ ಉಂಗುರಗಳು, ತಂತಿಗಳ ಸಾಧನ ಇದು. ನಟ್ ತಿರುಗಿಸುವ ಕೆಲಸ ಮನೆಯವರದು. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಮಿಲಿಮೀಟರ್, ಒಟ್ಟು ದಿನಕ್ಕೆ ಒಂದು ಮಿಲಿಮೀಟರ್ ಹೊಸ ಮೂಳೆ ಬೆಳೆಯುತ್ತದೆ. ಒಂದು ಸೆಂಟಿಮೀಟರ್‌ಗೆ ಸುಮಾರು ಒಂದರಿಂದ ಎರಡು ತಿಂಗಳು ಚೌಕಟ್ಟು ಇರಬೇಕಾಗುತ್ತದೆ. ಅಣ್ಣನ ಚೌಕಟ್ಟಿನ ನಟ್ ತಿರುಗಿಸುವಾಗ ಅತ್ತಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ತಿರುವಿಗೂ ಒಂದು ಗೆರೆ ಎಳೆಯುತ್ತಿದ್ದಳು. ತಂತಿ ಚರ್ಮ ಸೇರುವ ಜಾಗಗಳನ್ನು ವೈದ್ಯರು ಹೇಳಿದ ದ್ರಾವಣದಿಂದ, ಒಂದೊಂದಕ್ಕೆ ಬೇರೆ ಬೇರೆ ಹತ್ತಿಯಿಂದ ಒರೆಸಬೇಕು.

ಎದ್ದು ನಿಲ್ಲುವಾಗ

ಎಷ್ಟು ಭಾರ ಹಾಕಬಹುದು ಎಂಬುದನ್ನು ಕಿಲೋ ಲೆಕ್ಕದಲ್ಲೇ ಕೇಳಿ ಬರೆಸಿಕೊಳ್ಳಿ. ‘ಸ್ವಲ್ಪ ಸ್ವಲ್ಪ ಊರಬಹುದು’ ಎಂದರೆ ಒಬ್ಬನಿಗೆ ಐದು, ಇನ್ನೊಬ್ಬನಿಗೆ ಐವತ್ತು. ಊರುಗೋಲಿನ ತಲೆ ಕಂಕುಳಿನಿಂದ ಎರಡು ಬೆರಳು ಕೆಳಗಿರಲಿ, ಭಾರ ಅಂಗೈ ಮೇಲೆ ಬೀಳಲಿ. ಕಂಕುಳಿನ ಮೇಲೆ ಜೋತುಬಿದ್ದರೆ ಕೈಯ ನರ ಸೋಲುತ್ತದೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೊಂದ ಕಾಲು ಮೊದಲು. ಬಚ್ಚಲಿನ ಪಾಚಿ ತಿಕ್ಕಿ ತೆಗೆಯಿರಿ, ಕಮೋಡ್ ಕುರ್ಚಿ ತನ್ನಿ.

ಮಂಡಿ ಮಡಿಸುವ ವ್ಯಾಯಾಮವನ್ನು ವೈದ್ಯರು ಒಪ್ಪಿದ ದಿನದಿಂದಲೇ ಶುರುಮಾಡಿ. ಮೆಟ್ಟಿಲು ಹತ್ತಲು ಮಂಡಿ ಸುಮಾರು 90 ಡಿಗ್ರಿ ಮಡಚಿದರೆ ಸಾಕು, ಕುಕ್ಕರಗಾಲಲ್ಲಿ ಕೂರಲು 120 ಡಿಗ್ರಿ ದಾಟಬೇಕು. ನೆಲದ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುವ ಬ್ಯಾಡಗಿಯ ಹೆಣ್ಣುಮಕ್ಕಳಿಗೆ, ಕಳೆ ತೆಗೆಯುವವರಿಗೆ ಆ ಮೂವತ್ತು ಡಿಗ್ರಿಯೇ ದುಡಿಮೆ. ಅದನ್ನು ಫಿಜಿಯೋಥೆರಪಿಯವರಿಗೆ ಮೊದಲ ದಿನವೇ ಹೇಳಿ.

ತಿಂಗಳುಗಟ್ಟಲೆ ಮಲಗಿದವರಿಗೆ ನಿದ್ದೆ ಹೋಗುತ್ತದೆ, ಸಿಟ್ಟು ಬರುತ್ತದೆ, ಬದುಕೇ ಬೇಡ ಎನಿಸುತ್ತದೆ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಹಣ, ಕಾಗದ

2025ರ ಮೇ 5ರಿಂದ ಜಾರಿಗೆ ಬಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ದಾಖಲಾಗುವಾಗಲೇ ಎರಡನ್ನೂ ಕೇಳಿ, ಬಿಲ್ ಕಟ್ಟಿದ ಮೇಲೆ ಕೇಳಿದರೆ ತಡ. ಗುದ್ದಿ ಓಡಿಹೋದ ವಾಹನದ ಪ್ರಕರಣದಲ್ಲಿ ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರ ಇದೆ. ಅಪಘಾತ ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿಸಿ. ಎಫ್‌ಐಆರ್, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಎಕ್ಸ್‌ರೇ, ಔಷಧ ಚೀಟಿ ಎಲ್ಲವೂ ಒಂದೇ ಚೀಲದಲ್ಲಿರಲಿ. ಚಿಕಿತ್ಸೆಯಲ್ಲೇ ತಪ್ಪಾಗಿದೆ ಎನಿಸಿದರೆ ಮೊದಲು ದಾಖಲೆಗಳ ಪ್ರತಿಗೆ ಲಿಖಿತವಾಗಿ ಕೇಳಿ, 72 ತಾಸಿನೊಳಗೆ ಕೊಡಬೇಕೆಂದು ವೈದ್ಯಕೀಯ ನಿಯಮವಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಶೇಕಡಾ 40 ಅಥವಾ ಅದಕ್ಕೂ ಹೆಚ್ಚಿನ ಅಂಗವೈಕಲ್ಯ ಉಳಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಒಳಗಾಗಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಮಾಡಿಸಿ.

ನಮ್ಮಣ್ಣ ಈಗ ಚೀಲ ಹೊರುವುದಿಲ್ಲ. ಟೆಂಡರಿನ ದಿನಗಳಾದ ಸೋಮವಾರ, ಗುರುವಾರ ಅದೇ ಅಂಗಡಿಯ ಕಾಟಾದ ಪಕ್ಕ ಕೂತು ತೂಕ ಬರೆದುಕೊಳ್ಳುತ್ತಾನೆ. ನಿಮ್ಮ ಮನೆಯಲ್ಲೂ ಕಾಲಿಗೆ ಶಸ್ತ್ರಚಿಕಿತ್ಸೆ ಆದವರಿದ್ದರೆ ಇಂದು ರಾತ್ರಿ ದೀಪ ಹಚ್ಚಿ, ಲುಂಗಿ ಸರಿಸಿ, ಗಾಯವನ್ನು ನೀವೇ ನೋಡಿ. ಬಟ್ಟೆ ಒದ್ದೆಯಾಗಿದ್ದರೆ ನಾಳೆ ಬೆಳಗಿನ ಮೊದಲ ಬಸ್ಸಿಗೆ ಹೊರಡಿ.