ಇವನು ಅವನೇನಾ? ಬದಲಾದ ದೇಹ, ನೆರೆಹೊರೆಯವರ ಮಾತು

ವಾಕ್ಯಭಾಗ: ಯೋಹಾನ 9:1–12

ಹುಟ್ಟು ಕುರುಡನ ಕಥೆ ನಿಮಗೆಲ್ಲ ಗೊತ್ತು. ಕೆಸರು, ಸಿಲೋವ ಕೊಳ, ಕಣ್ಣು ಬಂತು. ನಾವು ಹಲ್ಲೆಲೂಯ ಹೇಳಿ ಅಲ್ಲಿಗೇ ನಿಲ್ಲಿಸಿಬಿಡ್ತೇವೆ. ದಯವಿಟ್ಟು 8 ಮತ್ತು 9ನೇ ವಚನ ನೋಡಿ. ಸ್ವಸ್ಥನಾಗಿ ಬಂದವನನ್ನು ಕಂಡು ಅಕ್ಕಪಕ್ಕದವರು ವಾದಕ್ಕೆ ನಿಂತರು. ಭಿಕ್ಷೆ ಬೇಡ್ತಿದ್ದವನು ಇವನೇ ಅಂತ ಕೆಲವರು; ಅಲ್ಲ, ಅವನ ಥರ ಇದ್ದಾನೆ ಅಷ್ಟೇ ಅಂತ ಇನ್ನು ಕೆಲವರು.

ಈ ಭಾಗ ತೆಗೆದುಕೊಂಡಿದ್ದಕ್ಕೆ ಕಾರಣ ಇದೆ. ನಮ್ಮ ಸಭೆಯ ಒಬ್ಬ ಸಹೋದರಿ (ಅವರ ಒಪ್ಪಿಗೆ ತೆಗೆದುಕೊಂಡೇ ಹೇಳ್ತಿದ್ದೇನೆ) ಡಾಕ್ಟರ ಸಲಹೆಯಂತೆ ಒಂದೂವರೆ ವರ್ಷದಲ್ಲಿ 40 ಕಿಲೋ ಇಳಿದರು. ಶುಗರ್, ಬಿಪಿ ಹತೋಟಿಗೆ ಬಂತು, ದೇವರಿಗೆ ಸ್ತೋತ್ರ. ಆದರೆ ಸಾಕ್ಷಿ ಹೇಳಿ ಅಂದರೆ ಹಿಂದೆ ಸರಿಯುತ್ತಾರೆ. ಶೆಟ್ಟಿಹಳ್ಳಿಯಿಂದ ಜಾಲಹಳ್ಳಿ ಕ್ರಾಸ್‌ಗೆ ಬಸ್ಸಲ್ಲಿ ಹೋಗುವಾಗ ಇಬ್ಬರು ಕೂರುವ ಸೀಟಿನಲ್ಲಿ ಒಬ್ಬರು ಕೂತಿದ್ದರೆ ಈಗಲೂ ನಿಂತೇ ಹೋಗ್ತಾರಂತೆ, "ನನಗೆ ಜಾಗ ಸಾಲಲ್ಲ ಪಾಸ್ಟರ್" ಅಂತ. ಬಟ್ಟೆ ಅಂಗಡಿಯಲ್ಲಿ ಕೈ ಹೋಗೋದು ಹಳೇ ಅಳತೆಗೇ. ಹೊಟ್ಟೆ, ತೋಳಿನ ಚರ್ಮ ಜೋತು ಬಿದ್ದಿದೆ, ಅದನ್ನು ನೋಡೋಕೆ ಅವರಿಗೇ ಇಷ್ಟ ಇಲ್ಲ.

ಇದು ಅವರೊಬ್ಬರ ಕಥೆಯಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮ ಅನೇಕರಿಗೆ ಪೂರ್ತಿ ಕುಗ್ಗುವುದಿಲ್ಲ. ತೂಕ ಬೇಗ ಇಳಿದರೆ ಕೆಲವು ತಿಂಗಳಾದ ಮೇಲೆ ಕೂದಲು ಉದುರುತ್ತೆ, ಹೆಚ್ಚಿನವರಿಗೆ ಮತ್ತೆ ಬರುತ್ತೆ. ಎಲ್ಲಕ್ಕಿಂತ ನಿಧಾನ ಮನಸ್ಸು. ಒಳಗಿರುವ ಹಳೇ ದೇಹದ ಚಿತ್ರ ಬದಲಾಗೋಕೆ ವರ್ಷಗಳೇ ಬೇಕಾಗಬಹುದು. ಅದಕ್ಕೆ ವಿಶ್ವಾಸ ಕಡಿಮೆ ಅಂತ ಯಾರೂ ಹೆಸರಿಡಬೇಡಿ.

ನಮ್ಮ ಊರಿನ ಬಾಯಿ ಬೇರೆ. ದಪ್ಪ ಇದ್ದಾಗ ಅದೊಂದು ಮಾತು. ಸಣ್ಣ ಆದರೆ "ಏನಮ್ಮಾ, ಶುಗರ್ರಾ? ಟಿಬಿ ಏನಾದ್ರೂ ಬಂತಾ? ಮುಖದಲ್ಲಿ ಕಳೆನೇ ಇಲ್ಲ, ಮುಂಚೆನೇ ಚೆನ್ನಾಗಿದ್ದೆ!" ಆರಾಧನೆ ಮುಗಿದು ಚಪ್ಪಲಿ ಹಾಕೋ ಜಾಗದಲ್ಲೇ ಈ ವಿಚಾರಣೆ ಶುರು. ಇದನ್ನು ಪ್ರೀತಿ ಅಂತ ನಾನು ಒಪ್ಪಲ್ಲ.

ಆ ಮನುಷ್ಯ ಏನು ಮಾಡಿದ? ಅವರ ತೀರ್ಮಾನಕ್ಕೆ ಕಾಯಲಿಲ್ಲ. ತಾನೇ ಬಾಯಿ ಬಿಟ್ಟು, ನೀವು ಹೇಳ್ತಿರೋ ಆಸಾಮಿ ನಾನೇ ಅಂದ. ಗ್ರೀಕಿನಲ್ಲಿ ಎರಡೇ ಪದ, ಎಗೋ ಐಮಿ. (8:58ರಲ್ಲಿ ಕರ್ತನೂ ಇದೇ ಪದಗಳನ್ನು ಹೇಳಿದ್ದಾನೆ. ಆದರೆ ಇಲ್ಲಿ ಅದು ಸಾದಾ ಮಾತು, ಇದರಿಂದ ದೊಡ್ಡ ಉಪದೇಶ ಕಟ್ಟಬೇಡಿ.) ಭಿಕ್ಷೆ ಬೇಡಿದವನೂ ನಾನೇ, ನೋಡ್ತಿರುವವನೂ ನಾನೇ. ಹಳಬನನ್ನು ಆತ ಬೈಯಲಿಲ್ಲ, ಬಚ್ಚಿಡಲೂ ಇಲ್ಲ. ಸಹೋದರಿ, ಹಳೇ ಫೋಟೋಗಳನ್ನು ಹರಿದು ಹಾಕಬೇಡಿ. ಅದರಲ್ಲಿ ಮಕ್ಕಳನ್ನು ಎತ್ತಿಕೊಂಡಿರುವವರು ನೀವೇ.

2ನೇ ವಚನದಲ್ಲಿ ಶಿಷ್ಯರು ಇದು ಯಾರ ಪಾಪ ಅಂತ ಕೇಳಿದರು, ಕರ್ತನು ಆ ಲೆಕ್ಕವನ್ನೇ ಒಪ್ಪಲಿಲ್ಲ. ಥೈರಾಯ್ಡ್, ಪಿಸಿಓಡಿ, ಕೆಲವು ಮಾತ್ರೆಗಳು, ವಂಶ, ಇವೆಲ್ಲ ತೂಕ ಏರಿಸುತ್ತವೆ. ದಪ್ಪ ಇದ್ದವರೆಲ್ಲ ಹೊಟ್ಟೆಬಾಕರು ಅನ್ನುವ ಪ್ರಸಂಗ ಈ ವೇದಿಕೆಯಿಂದ ಬರಲ್ಲ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳ್ತೇನೆ. ಉಪವಾಸ ಪ್ರಾರ್ಥನೆಯನ್ನು ತೂಕ ಇಳಿಸೋಕೆ ಬಳಸಬೇಡಿ. ಬೇರಿಯಾಟ್ರಿಕ್ ಆಪರೇಷನ್ ಆದವರು, ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಕೂರಬೇಡಿ. ಆಪರೇಷನ್ ಆದವರು ಬಿ12, ಕಬ್ಬಿಣದ ಮಾತ್ರೆ ನಿಲ್ಲಿಸಲೂ ಬೇಡಿ. 2022ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. 21 ವರ್ಷ. ಯುವತಿಯರೇ, ಆ ವಯಸ್ಸನ್ನು ನೆನಪಿಡಿ.

ಚರ್ಮದ ಮಡಿಕೆಯಲ್ಲಿ ಉರಿ, ಹುಣ್ಣು ಆದರೆ ನಾಚಿಕೆ ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ. ಊಟ ಬಿಡುವ ಹಟ, ಕನ್ನಡಿ ಕಂಡರೆ ಅಳು ಬರ್ತಿದ್ದರೆ ನಿಮ್ಹಾನ್ಸ್‌ಗೆ ಹೋಗಿ. ಜೊತೆಗೆ ಬರೋಕೆ ನಾನೂ ನನ್ನ ಹೆಂಡತಿಯೂ ಸಿದ್ಧ.

ಮುಂದಿನ ಭಾನುವಾರ 13ನೇ ವಚನದಿಂದ ಓದೋಣ. ಆತನ ಅಪ್ಪ ಅಮ್ಮ ಯಾಕೆ ಹೆದರಿದರು ಅಂತ ಮನೆಯಲ್ಲಿ ನೋಡಿಕೊಂಡು ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥಿಸೋಣ.